ಕಿಟಕಿ ಪಕ್ಕದ ಮೇಜು

ಕುವೈತಿನ ಫರ್ವಾನಿಯಾ, ನಾಲ್ಕನೇ ಮಹಡಿ.
ರಾತ್ರಿ ಪಾಳಿ ಮುಗಿಸಿದ ಮೂವರು ನರ್ಸುಗಳು
ಹಳೆಯ ಜ್ವರದ ಚಾರ್ಟಿನ ಬೆನ್ನ ಮೇಲೆ
ಊಟದ ಪಟ್ಟಿ ಬರೆಯುತ್ತಿದ್ದೆವು.
ಹೊರಗೆ ಬೆಳಿಗ್ಗೆ ಏಳಕ್ಕೇ ನಲವತ್ತೊಂದು ಡಿಗ್ರಿ,
ನಳದಲ್ಲಿ ತಣ್ಣೀರೆಂದು ಬರುವುದೂ ಚಹಾಕ್ಕೆ ಅರ್ಧ ಸಿದ್ಧ.

ಜಾರ್ಜಿಯಾ ಅಂದಳು ಫ್ಲೊರಿನ್.
ಇಖಾಮಾ ಇದ್ದರೆ ವೀಸಾ ಬೇಡವಂತೆ,
ಕಣ್ಣು ಮುಚ್ಚಿ ತೆರೆದರೆ ಬೆಟ್ಟವಂತೆ.
ಅಲ್ಲಿ ದ್ರಾಕ್ಷಿಯನ್ನು ತುಳಿದು, ಸಿಪ್ಪೆ ಬೀಜ ಸಮೇತ
ಆಳೆತ್ತರದ ಮಣ್ಣಿನ ಹರವಿಗೆ ಸುರಿದು
ಕುತ್ತಿಗೆಯವರೆಗೂ ನೆಲದಲ್ಲಿ ಹುಗಿಯುತ್ತಾರಂತೆ.
"ಹಗೇವಿನ್ಯಾಗ ಜ್ವಾಳ ಇಟ್ಟಂಗ" ಅಂದೆ ನಾನು.
ಶಿರ್ವದವಳಿಗೆ ಹಗೇವು ಗೊತ್ತಿಲ್ಲ.
ಅದನ್ನು ವಿವರಿಸುವಷ್ಟರಲ್ಲಿ ಚಹಾ ಆರಿತು.

ತಿಕೋಟಾದ ನಮ್ಮ ಶೆಡ್ಡಿನಲ್ಲಿ
ದ್ರಾಕ್ಷಿ ಯಾವತ್ತೂ ವೈನ್ ಆಗಲಿಲ್ಲ, ಮಣೂಕ ಆಯಿತು.
ಹಸಿರು ಬಲೆಯ ನೆರಳಲ್ಲಿ ಹದಿನೈದು ದಿನ.
ಅಪ್ಪ ಒಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿ
"ಇನ್ನೆರಡು ದಿನದ ಗಾಳಿ ಬೇಕು" ಅನ್ನುತ್ತಿದ್ದ.
ದ್ರಾಕ್ಷಿಯ ಒಂದು ಮುಪ್ಪು ಮಾತ್ರ ಬಲ್ಲವಳು ನಾನು.
ಇನ್ನೊಂದನ್ನೂ ನೋಡಬೇಕು.

ಮೆಹಜಬೀನ್ ಬೀದರಿನವಳು. ಕುಡಿಯುವುದಿಲ್ಲ.
ಅವಳ ಕಾಲಮ್ಮಿನಲ್ಲಿ ವೈನಿನ ಜಾಗಕ್ಕೆ
ದಾಳಿಂಬೆ ರಸ, ದಾಳಿಂಬೆ ರಸ, ಮತ್ತೆ ದಾಳಿಂಬೆ ರಸ.
ಆದರೆ ದೋಣಿಯಂಥ ಆ ರೊಟ್ಟಿ,
ನಡುವೆ ಚೀಸಿನ ಕೆರೆ, ಕೆರೆಯಲ್ಲಿ ತೇಲುವ ಹಸಿ ಮೊಟ್ಟೆ,
ಅದರ ಚಿತ್ರವನ್ನು ಲಾಕರಿನ ಒಳಬಾಗಿಲಿಗೆ ಅಂಟಿಸಿಕೊಂಡಿದ್ದಾಳೆ.
ನನಗೆ ಮೊಟ್ಟೆ ಆಗದು. ನನಗೆ ಕಾಳಿನ ಹೂರಣದ್ದು,
ಹೋಳಿಗೆಯ ಉಪ್ಪಿನ ತಂಗಿ.
ಫ್ಲೊರಿನ್‌ಗೆ ಎಲ್ಲವೂ, ಹಂದಿ ಸಮೇತ.
"ಆರು ವರ್ಷದ ಉಪವಾಸ ಮಾರಾಯ್ತಿ!"
ಕಳೆದ ಕ್ರಿಸ್‌ಮಸ್ಸಿಗೆ ಅವಳು ಡಬ್ಬಿಯ ದ್ರಾಕ್ಷಿ ರಸಕ್ಕೆ
ಚಕ್ಕೆ ಲವಂಗ ಹಾಕಿ ಕುದಿಸಿ, ಸ್ಟೀಲ್ ಲೋಟದಲ್ಲಿ ಕೊಟ್ಟು
"ನಂಬಿ ಕುಡಿಯಿರಿ, ಏರುತ್ತದೆ" ಅಂದಿದ್ದಳು.
ಏರಿದ್ದು ಸಕ್ಕರೆ.

ಲೆಕ್ಕವೂ ಆಯಿತು. ಟಿಕೆಟ್ಟಿಗೆ ತೊಂಬತ್ತು ದಿನಾರು,
ತಂಗಿಯ ಫೀಸು ಒಂದು ತಿಂಗಳು ತಡ,
ಮನೆಗೆ ಹೇಳುವ ಸುಳ್ಳು: ಟ್ರೇನಿಂಗ್.
ಹಳೇ ಪೇಟೆಯ ಇಳಿಜಾರಿನಲ್ಲೊಂದು ಖಾನಾವಳಿ,
ಕಿಟಕಿ ಪಕ್ಕ ಮೂರು ಕುರ್ಚಿಯ ಮೇಜು.
ಫೋನೆತ್ತಿದ ಅಜ್ಜಿಗೆ ಇಂಗ್ಲಿಷು ಬಾರದು,
ನಮಗೆ ಅವಳದು ಬಾರದು,
"ತ್ರೀ! ತ್ರೀ!" ಎಂದು ಕೂಗಿ ಗಟ್ಟಿ ಮಾಡಿಕೊಂಡೆವು.

ಗುರುವಾರ ಮೇಟ್ರನ್ ಸಹಿಯ ಹಾಳೆ ಬಂತು.
ಮೂವರಿಗೂ ರಜೆ ಮಂಜೂರು.
ಮೂರು ಬೇರೆ ಬೇರೆ ವಾರ.

ಯಾರೂ ಮಾತಾಡಲಿಲ್ಲ. ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.
ಕೊನೆಗೆ ಮೆಹಜಬೀನಳೇ ಪೆನ್ನು ತೆಗೆದು
ಪಟ್ಟಿಗೆ ಅಡ್ಡಡ್ಡ ಎರಡು ಗೆರೆ ಎಳೆದಳು.
"ಮೇಜು ಒಂದೇ ಇರಲಿ. ಊಟ ಮೂರು ವಾರ ನಡೀಲಿ.
ಹೋದವಳು ಮುಂದಿನವಳ ಪಾಲಿಗೂ ದುಡ್ಡು ಕೊಟ್ಟು ಬರ್ಲಿ.
ಕಡೀಕ ಹೋಗಾಕಿ ನಾನು. ನನಗ ಬಿಲ್ಲಿನ ತಂಟೇನ ಇಲ್ಲ."

ಮೊನ್ನೆ ಫ್ಲೊರಿನ್ ಹೋದಳು.
ಇವತ್ತು ಹನ್ನೊಂದನೇ ಬೆಡ್ಡಿನ ಡ್ರಿಪ್ಪು ಎಣಿಸುತ್ತಿರುವಾಗ
ಕಿಸೆಯಲ್ಲಿ ಫೋನು ನಡುಗಿತು.
ಚಿತ್ರದಲ್ಲಿ ಗೋಡೆಯ ಹಲಗೆ, ಅದರ ಮೇಲೆ
ಬೋರಲಾಗಿ ಇಟ್ಟ ಒಂದು ಮಣ್ಣಿನ ಬಟ್ಟಲು,
ಅದರಡಿ ಚೀಟಿ. ಅಜ್ಜಿಯ ಅಕ್ಷರ ದ್ರಾಕ್ಷಿಬಳ್ಳಿಯ ಕುಡಿಯ ಹಾಗೆ
ಸುತ್ತಿ ಸುತ್ತಿ ಹೋಗಿದೆ.
"ಅದು ನಿನ್ನ ಹೆಸರಂತೆ" ಎಂದು ಬರೆದಿದ್ದಾಳೆ ಫ್ಲೊರಿನ್.

ದೊಡ್ಡದು ಮಾಡಿ ನೋಡಿದೆ.
ಎಲ್ಲಿ ನೀಲ, ಎಲ್ಲಿ ಗಂಗಾ, ತಿಳಿಯಲಿಲ್ಲ.
ಡ್ರಿಪ್ಪಿನ ಲೆಕ್ಕ ತಪ್ಪಿತ್ತು.
ಮತ್ತೆ ಒಂದರಿಂದ ಎಣಿಸಿದೆ.