ಅಡ್ಡಿಲ್ಲ

ಬೆನ್ನಿಗೆ ಪಿನ್ನು ಚುಚ್ಚಿ ನೂರಾ ಹದಿನೇಳು ಎಂದು ಅಂಟಿಸಿದರು.
ಕುಮಟೆಯ ಮೈದಾನದಲ್ಲಿ ಐದೂಕಾಲರ ಕತ್ತಲೆ,
ಮೈಕಿನವ ಕೆಮ್ಮಿ ಕೆಮ್ಮಿ ಹೆಸರು ಕೂಗುತ್ತಿದ್ದ.
ಹುಬ್ಬಳ್ಳಿಯಿಂದ, ಮಡಗಾಂವಿನಿಂದ ಬಂದವರ ಸೈಕಲ್ಲು
ಒಂದು ಬೆರಳಿಗೆ ಏಳುವಷ್ಟು ಹಗುರ.
ನನ್ನದು ಭಾವನ ಮಗನದು,
ಬ್ರೇಕು ಹಿಡಿದರೆ ಕೋಳಿಯ ಹಾಗೆ ಕೂಗುತ್ತದೆ.

"ಹಮ್ಮಣ್ಣ, ನೀನೂ ಹೊರಟ್ಯಾ?" ಎಂದ ಚಾದಂಗಡಿಯ ಬುಡನ್.
ಸಕ್ಕರೆ ಇನ್ನೂರ ನಲವತ್ತು,
ಸೈಕಲ್ ತುಳಿಯಿರಿ ಅಂದಿದ್ದರು ಡಾಕ್ಟರಮ್ಮ,
ಅವರು ಹೇಳಿದ್ದು ಪೇಟೆಯೊಳಗೆ.
ಇದನ್ನೆಲ್ಲ ಅವನಿಗೆ ಹೇಳುವುದೆಂತ,
"ಅಡ್ಡಿಲ್ಲ" ಅಂದೆ.

ದಿವಗಿಯ ತಿರುವಿನ ತನಕ ಗುಂಪಿನಲ್ಲೇ ಇದ್ದೆ.
ಗದ್ದೆಯ ಮೇಲೆ ಮಂಜು, ಮಂಜಿನೊಳಗೆ ಎಲ್ಲೋ
ಧನುರ್ಮಾಸದ ಪೂಜೆಯ ಗಂಟೆ,
ಗಂಟೆಗಿಂತ ಮೊದಲೇ ಎದ್ದ ನಾಯಿಗಳು.
ಮುಂದಿನವರ ಹಿಂದೀಪಗಳು ಸಾಲಾಗಿ,
ಬೀಡಿ ಸೇದುತ್ತ ಮದುವೆಗೆ ಹೊರಟವರ ಹಾಗೆ.
ಕತಗಾಲ ದಾಟುವಾಗ ಎಣಿಸಿದೆ, ಹನ್ನೆರಡು.
ಶಾಲೆಯ ಹತ್ತಿರ ನಾಲ್ಕು.
ಘಾಟಿಯ ಮೊದಲ ತಿರುವಿನಲ್ಲಿ
ಎಣಿಸಲಿಕ್ಕೆ ಏನೂ ಇಲ್ಲ.

ಬೆಳಕು ಹಿಂದಿನಿಂದ ಬಂತು.
ಸೋತವರನ್ನು ಎತ್ತಿಕೊಳ್ಳುವ ಟೆಂಪೊ, ಇನಾಸನದು.
ಉಳಿದ ದಿನ ಅದರಲ್ಲಿ ಬಂಗಡೆ, ಐಸು.
ಹಾರ್ನು ಹಾಕುವುದಿಲ್ಲ, ಅವಸರ ಮಾಡುವುದಿಲ್ಲ,
ಮೊದಲ ಗೇರಿನಲ್ಲಿ ನನ್ನಂತೆಯೇ ಏದುಸಿರು ಬಿಡುತ್ತ
ನನ್ನ ನೆರಳನ್ನು ನನಗಿಂತ ಮುಂದೆ ಚಾಚಿ ಬರುತ್ತಾನೆ.
ನೆರಳಿಗೇನು, ಸುಸ್ತಿಲ್ಲ.
ತಿರುವು ಮೊದಲೇ ಮುಟ್ಟಿ ಮತ್ತಿಮರ ಹತ್ತುತ್ತದೆ.

ಕಂಬ ಹತ್ತುವುದು ನನ್ನ ಕಸುಬು, ಇಪ್ಪತ್ತಾರು ವರ್ಷ.
ಈ ಘಾಟಿಯ ಕಂಬಗಳು ಒಂದೊಂದೂ ಗೊತ್ತು:
ಜೇನು ಕಟ್ಟಿದ್ದು, ಓರೆಯದ್ದು, ಮಂಗ ಸುಟ್ಟುಹೋದದ್ದು,
ಕಂಬದಿಂದ ಕಂಬಕ್ಕೆ ಐವತ್ತು ಮೀಟರೆಂದು
ಟೇಪು ಹಿಡಿದು ಬರೆದುಕೊಟ್ಟವನೂ ನಾನೇ.
ಜೀಪಿನಲ್ಲಿ ಬಂದವನ ಲೆಕ್ಕ ಅದು.
ತೊಡೆಯ ಲೆಕ್ಕದಲ್ಲಿ ಐವತ್ತು ಮೀಟರೆಂದರೆ
ಒಂದು ಜಗಳ, ಒಂದು ರಾಜಿ,
ಒಂದು ಸುಳ್ಳು:
ಆ ಕಂಬದ ತನಕ ಹೋಗಿ ಇಳಿದುಬಿಡುತ್ತೇನೆ.

ಹಾಗೆ ಸುಳ್ಳು ಹೇಳುತ್ತ ಹೇಳುತ್ತ
ಬಂದದ್ದು ಆ ಕಂಬಕ್ಕೆ.
ಆಷಾಢದ ಒಂದು ರಾತ್ರಿ ನಾನೂ ತುಳಸುವೂ ಬಂದದ್ದು,
ನಾನು ಕೆಳಗೆ ಟಾರ್ಚು ಹಿಡಿದದ್ದು.
ಲೈನು ಬಂದಾಗಿದೆ ಎಂದು ಫೋನಿನಲ್ಲಿ ಹೇಳಿದವ
ಬೇರೆ ಲೈನಿನ ಮಾತು ಹೇಳಿದ್ದು.

ಕಾಲು ನೆಲಕ್ಕೆ ಬಂತು.
ಇನಾಸ ಇಂಜಿನ್ನು ಆರಿಸಿದ.
ಮೇಲೆ ತಂತಿ ಗುಂಯ್ ಅನ್ನುತ್ತಿತ್ತು,
ಮಂಜು ಬಿದ್ದ ದಿನ ಹಾಗೇ ಅದು.

ಟೆಂಪೊದೊಳಗಿಂದ ಬೆಳಗಾವಿಯ ಹುಡುಗ,
ಮೀನಖಂಡ ಹಿಡಿದುಕೊಂಡು ಕೂತವ,
"ಹತ್ತಿ ಅಂಕಲ್, ಜಾಗ ಇದೆ" ಎಂದ.
ಇತ್ತು. ಎರಡು ಐಸಿನ ಪೆಟ್ಟಿಗೆಗಳ ನಡುವೆ
ಒಬ್ಬನನ್ನು ಮಲಗಿಸುವಷ್ಟು.
ತುಳಸುವನ್ನು ಇಳಿಸಿದ್ದೂ ಇಂಥದೇ ಗಾಡಿಯಲ್ಲಿ.

"ಅಡ್ಡಿಲ್ಲ" ಅಂದೆ.

ನಮ್ಮ ಕಡೆ ಈ ಮಾತಿಗೆ ಹೌದೆಂದೂ ಅರ್ಥ, ಬೇಡವೆಂದೂ ಅರ್ಥ.
ಹುಡುಗ ಕೈ ಚಾಚಿಯೇ ಇದ್ದ.
ಇನಾಸನಿಗೆ ತಿಳಿಯಿತು,
ಕೀಲಿ ತಿರುವಿದ,
ನನ್ನ ನೆರಳು ಮತ್ತೆ ಮುಂದೆ ಹೋಗಿ ಬಿತ್ತು.

ದೇವಿಮನೆಯಲ್ಲಿ ಮೇಜು ಮಡಚುತ್ತಿದ್ದರು.
ಉಣ್ಣೆ ಟೊಪ್ಪಿಯ ಹುಡುಗಿ ಗಡಿಯಾರ ನೋಡಿ, ಮೊಹರು ನೋಡಿ,
"ಟೈಮು ಮುಗಿದು ನಲವತ್ತು ನಿಮಿಷ ಆಯ್ತು" ಎಂದಳು,
ತಪ್ಪು ತನ್ನದೇ ಎಂಬಂತೆ.
ಚೀಟಿಯ ಚೌಕ ಖಾಲಿ ಉಳಿಯಿತು.
ಪಾತ್ರೆ ಓರೆ ಮಾಡಿ
ತಳದ ಮುರುಗಲ ಪಾನಕ ಅರ್ಧ ಲೋಟ ಬಗ್ಗಿಸಿ ಕೊಟ್ಟಳು.
ಸಕ್ಕರೆ ಹಾಕಿದ್ದೀರಾ ಎಂದು
ನಾನು ಕೇಳಲಿಲ್ಲ.

ಶಿರಸಿಗೆ ಹೋದವರು ಹೋದರು.
ನಾನು ಹ್ಯಾಂಡಲ್ಲು ತಿರುಗಿಸಿದೆ.
ಇಳಿಜಾರಿನುದ್ದಕ್ಕೂ ಬ್ರೇಕು ಕೂಗಿಕೊಂಡೇ ಬಂತು,
ಬಿಸಿಲೇರಿದ ಮೇಲೆ ಎಚ್ಚರಾಗಿ
ಇಡೀ ಘಾಟಿಯನ್ನು ಎಬ್ಬಿಸಹೊರಟ
ಕೋಳಿಯ ಹಾಗೆ.