ಉಟ್ಟು

ಬೆಂಕಿಪೊಟ್ಟಣದಷ್ಟು ಯಂತ್ರ. ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು.
ದಿನಕ್ಕೆ ಆರು ಸಲ, ಯಾವಾಗೆಂದು ಅದಕ್ಕೂ ಗೊತ್ತಿಲ್ಲ,
ಕೀಂಯ್ ಎನ್ನುತ್ತದೆ.
ಎಂದೊಡನೆ ಬರೆಯಬೇಕು:
ಅದು ಕೂಗುವ ಮುಂಚಿನ ಕ್ಷಣ
ಒಳಗೆ ಯಾವ ಮಾತು ನಡೆದಿತ್ತು,
ಯಾರ ದನಿಯಲ್ಲಿ.

ಇಷ್ಟೇ ನನ್ನ ಸಂಶೋಧನೆ.
ಇದಕ್ಕೆಂದು ಹಿರಿಯೂರಿನವಳು ನಾನು
ಚೇರಂಬಾಣೆಯಲ್ಲಿ ಬಾಡಿಗೆ ಕೋಣೆ ಹಿಡಿದು
ಜಿಗಣೆಗೆ ಹೆದರಿ ಮೊಣಕಾಲವರೆಗೆ ಕಾಲುಚೀಲ ಎಳೆದು
ಮನೆಮನೆ ಹೊಕ್ಕು ಕೇಳಿದೆ:
ನಿಮ್ಮ ತಲೆಯೊಳಗೆ ಮಾತಾಡುವವರು ಯಾರು?
ಒಂದು ಮನೆಯಲ್ಲಿ ನಾಯಿ ಬಿಚ್ಚಿದರು.

ಜೀಪಿನ ಉಸ್ಮಾನ್ ಬರೆದುಕೊಟ್ಟ:
ಲೆಕ್ಕ ಮಲಯಾಳದಲ್ಲಿ, ಬೈಗುಳ ಕನ್ನಡದಲ್ಲಿ,
ತಿರುವಿನಲ್ಲಿ ಮಾತಿಲ್ಲ.
ಹಾಕಿ ಅಂಪೈರ್ ಬೊಳ್ಳವ್ವ:
ಸೀಟಿ ಊದುವ ಮೊದಲು
ಒಳಗೊಂದು ಸೀಟಿ. ಅಷ್ಟೆ.

ದಮಯಂತಿಯಕ್ಕ ಮಾತ್ರ
ಒಂದು ಚೀಲ ಚೀಟಿ ತಂದು ಚಾಪೆಯ ಮೇಲೆ ಸುರಿದಳು.
ಕ್ಯಾಲೆಂಡರಿನ ಹಿಂಬದಿ, ರೇಷನ್ ರಸೀದಿ,
ಬಿಸ್ಕತ್ತಿನ ರಟ್ಟು.

ಸೊಸೈಟಿಯಲ್ಲಿ ಇಪ್ಪತ್ತೆರಡು ವರ್ಷ
ಮೆಣಸಿನ ತೂಕ ಕೂಗಿದವಳು.
ರಸ್ತೆಯಾಚೆ ಹೋಟೆಲಿನಲ್ಲಿ ಕೂತೇ ಜನ
ತಮ್ಮ ಮೂಟೆಯ ತೂಕ ಕೇಳಿಸಿಕೊಳ್ಳುತ್ತಿದ್ದರಂತೆ.
ಹೋದ ವರ್ಷ ಮಂಗಳೂರಿನ ಆಸ್ಪತ್ರೆಯಲ್ಲಿ
ಗಂಟಲ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು.
ಈಗ ಕುತ್ತಿಗೆಯಲ್ಲೊಂದು ತೂತು, ಮೇಲೆ ಹತ್ತಿಬಟ್ಟೆ.
ಮಾತೆಲ್ಲ ಚೀಟಿಯಲ್ಲಿ.

ಇದರಲ್ಲಿ ನನ್ನದು ಯಾವುದು, ಅಂಗಡಿಯವನದು ಯಾವುದು?
‘ಉದ್ದು ಅರ್ಧ ಕೇಜಿ, ಹುಳ ಇಲ್ಲದ್ದು’:
ಯೋಚಿಸಿದ್ದೋ, ಹೇಳಿದ್ದೋ?
‘ಸಾಯಲಿ’: ಇದು ಯಾರಿಗೆ?
ಕೈ ಅಲ್ಲಾಡಿಸಿದಳು: ಹೇಳಿದ್ದಲ್ಲ.
ನನ್ನ ಫಾರಮ್ಮಿನಲ್ಲಿ ಒಳಗು ಹೊರಗು ಎಂದು ಎರಡು ಕಾಲಂ.
ಇವಳಿಗೆ ಎರಡಕ್ಕೂ ಒಂದೇ ಪೆನ್ಸಿಲ್.

ರಾಶಿಯ ತಳದಲ್ಲಿ ಒಂದೇ ಪದದ ಚೀಟಿ.
ಉಟ್ಟು.
ಒಂದಲ್ಲ, ಹನ್ನೊಂದು.
ಬೇರೆ ದಿನ, ಬೇರೆ ಗಂಟೆ, ಅದೇ ಉಟ್ಟು.

ಯಾವ ಸೀರೆ ಅಕ್ಕಾ? ಕೇಳಿದೆ.
ಉಟ್ಟು ಎಲ್ಲಿಗೆ ಹೊರಟಿದ್ದಿರಿ?

ನಕ್ಕಳು. ಸದ್ದಿಲ್ಲ,
ಹತ್ತಿಬಟ್ಟೆ ಉಬ್ಬಿ ಉಬ್ಬಿ ಇಳಿಯಿತು.
ಕಣ್ಣೊರೆಸಿ ಬರೆದಳು:
ನಮ್ಮ ಅರೆಭಾಷೆಯಲ್ಲಿ ಉಟ್ಟು ಅಂದರೆ
ಇದೆ.

ಏನು ಇದೆ?

ಈ ಸಲ ತಡವಾಯಿತು.
ಶಾಲೆಯ ಕನ್ನಡದಲ್ಲಿ ಎರಡು ಸಾಲು ಬರೆದು ಹೊಡೆದಳು.
‘ಬರೆದ ಕೂಡಲೆ ಅಂಗಿ ತೊಟ್ಟುಕೊಳ್ಳುತ್ತದೆ’
ಎಂದು ಬರೆದು, ಅದನ್ನೂ ಹೊಡೆದಳು.
ಆಮೇಲೆ, ಉಸಿರು ಬಿಡದೆ:

‘ಎಚ್ಚರ ಆದಾಗೆಲ್ಲ ಒಳಗೇ ಒಂದು ಸಲ ಕೂಗಿ ನೋಡುವುದು
ನಲವತ್ತೆರಡೂವರೇ ಜೋಯಪ್ಪಣ್ಣಾ ಅಂತ
ಹಳೇ ದನಿಯೇ
ಹೋಟೆಲಿನವರೆಗೂ ಹೋಗುವಂಥದ್ದು
ಇನ್ನೂ ಉಟ್ಟಾ ಅಂತ ನೋಡುವುದು
ಉಟ್ಟು’

ಓದಿಕೊಂಡದ್ದನ್ನು ಹೇಳುವ ಚಪಲ ನನಗೆ.
ಒಳಮಾತು ಮೊಟಕು ಅಕ್ಕಾ, ಕರ್ತೃ ಇರುವುದಿಲ್ಲ,
ಬರೀ ಕ್ರಿಯಾಪದ, ಬಾಕಿಯೆಲ್ಲ ನುಂಗಿರುತ್ತೇವೆ;
ಹಾಗೆ ನೋಡಿದರೆ ಎಲ್ಲರ ತಲೆಯೊಳಗೂ
ಅರೆಭಾಷೆಯೇ.

‘ಅರ್ಧ ಅಲ್ಲ’
ಎಂದು ಬರೆದಳು, ಪೆನ್ಸಿಲ್ ಮೊನೆ ಮುರಿಯುವಷ್ಟು ಒತ್ತಿ.

ಊರಿಗೆ ಹೊರಟ ದಿನ, ಪ್ರೈವೇಟ್ ಬಸ್ಸು.
ಕಳಚಲು ಮರೆತ ಯಂತ್ರ ನನ್ನದೇ ಸೊಂಟದಲ್ಲಿ
ಬೆಟ್ಟಗೇರಿ ದಾಟುವಾಗ ಕೀಂಯ್ ಎಂದಿತು.
ಮುಂಚಿನ ಕ್ಷಣ: ನಲವತ್ತೆರಡೂವರೇ.
ಯಾರ ದನಿ?
ನಾನೆಂದೂ ಕೇಳದ ದನಿ. ಆದರೂ ಅವಳದು,
ಖಂಡಿತ ನನ್ನದಲ್ಲ.

ಕಂಡಕ್ಟರ್ ಎಲ್ಲಿಗೆ ಎಂದು ಮೂರು ಸಲ ಕೇಳಿರಬೇಕು.
ಬಾಯಿ ತೆರೆದರೆ ಅದು ಹೊರಟುಹೋದೀತೆಂದು
ಚೀಟಿಯಲ್ಲಿ ‘ಮಡಿಕೇರಿ’ ಬರೆದು ತೋರಿಸಿದೆ.
ಅವನ ಮುಖ ಮೆತ್ತಗಾಯಿತು.
ಹೆಬ್ಬೆರಳು ತೋರುಬೆರಳು ಉಜ್ಜಿ
ಚಿಲ್ಲರೆ ಇದೆಯಾ ಎಂದು ಸನ್ನೆ ಮಾಡಿದ.

ಚೀಟಿ ತಿರುವಿ ಬರೆದೆ:
ಉಟ್ಟು.