ಮಾರ್ಚ್ ತಿಂಗಳ ಗುಂಡಿಗೆ

ಸ್ಟೆತೊಸ್ಕೋಪನ್ನು ಮೊದಲು ಕಂಕುಳಲ್ಲಿ ಇಟ್ಟುಕೊಂಡು
ಬೆಚ್ಚಗೆ ಮಾಡಿಕೊಳ್ಳುತ್ತೇನೆ.
ಕಾರಾಶೋಕಿನ ಹೊಳೆದಂಡೆಯಲ್ಲಿ ಮೈನಸ್ ಮೂವತ್ತೊಂದು.
ತಣ್ಣನೆಯ ಲೋಹ ಪಕ್ಕೆಗೆ ತಾಗಿದರೆ
ನಾಯಿ ಬೆಚ್ಚುತ್ತದೆ, ಲೆಕ್ಕ ತಪ್ಪುತ್ತದೆ.

ಹುಲ್ಲಿನ ಹಾಸಿನ ಮೇಲೆ ಹನ್ನೆರಡು ಉಂಡೆ,
ಬಾಲದಡಿ ಮೂಗು, ಬಾಲದ ಮೇಲೆ ಹಿಮ.
ಎಂಟನೆಯದು ಸ್ಕಾರೆ, ಬಂಡಿಯ ಮುಂದಾಳು,
ಒಂದು ಕಿವಿ ಎಂದೋ ಹರಿದದ್ದು.
ಮೊಣಕಾಲೂರಿ, ಕೂದಲು ಸರಿಸಿ, ಆಲಿಸಿದೆ.

ಲಬ್ ಡಬ್.
ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ.
ಹೀಗೆ ಕಾಯುವಾಗ ನನ್ನದೇ ನಿಂತಂತಾಗುತ್ತದೆ.
ಮತ್ತೆ ಲಬ್,
ನಡುವೆ ಬಾಗಿಲ ಸಂದಿಯ ಗಾಳಿಯಂಥ ಒಂದು ಸುಯ್,
ಡಬ್.
ನಿಮಿಷಕ್ಕೆ ನಲವತ್ತನಾಲ್ಕು.
ಬಡಿತ ಸಿಗಬೇಕಾದ ಜಾಗಕ್ಕಿಂತ
ಎರಡು ಬೆರಳು ಆಚೆಗೇ ಸಿಕ್ಕಿತು.

ಓಸ್ಲೋದಲ್ಲಿ ನಾನು ನೋಡುತ್ತಿದ್ದದ್ದು ಸೋಫಾದ ನಾಯಿಗಳನ್ನು.
ಅವುಗಳಲ್ಲಿ ಈ ಸದ್ದು ಕೇಳಿದರೆ ಮಾತ್ರೆ ಬರೆಯುತ್ತಿದ್ದೆ,
ಮೆಟ್ಟಿಲು ಹತ್ತಿಸಬೇಡಿ ಅನ್ನುತ್ತಿದ್ದೆ,
ಅಳುವ ಮಾಲೀಕರಿಗೆ ಕರವಸ್ತ್ರ ಕೊಡುತ್ತಿದ್ದೆ.
ಅದೇ ರೂಢಿಯಲ್ಲಿ ಪೆನ್ಸಿಲ್ ಹಿಡಿದು ಬರೆದೆ:
ಹೃದಯ ಹಿಗ್ಗಿದೆ. ಓಡುವಂತಿಲ್ಲ.

ಅಸ್ಲಾಕ್ ಓದಿದ. ಬೈಯಲಿಲ್ಲ.
ಬಾಯಲ್ಲಿದ್ದ ಒಣಮಾಂಸ ಅಗಿದು ಮುಗಿಸಿ ಹೇಳಿದ:

"ಆಗಸ್ಟಿನಲ್ಲಿ ಬಂದು ಕೇಳಬೇಕಿತ್ತು ನೀನು.
ಸೊಳ್ಳೆಗಾಲದಲ್ಲಿ ಇವಕ್ಕೆ ಸಣ್ಣ ಗುಂಡಿಗೆ, ಸೋಮಾರಿಗಳದ್ದು.
ಸೆಪ್ಟೆಂಬರಿನಲ್ಲಿ ಚಕ್ರದ ಗಾಡಿಗೆ ಕಟ್ಟುತ್ತೇನೆ,
ಮೂರು ಕಿಲೋಮೀಟರು, ಅಷ್ಟೇ.
ಆಮೇಲೆ ಐದು. ಹಿಮ ಬಿದ್ದ ಮೇಲೆ ಹದಿನೈದು.
ಸೂರ್ಯನೇ ಬಾರದ ತಿಂಗಳಲ್ಲಿ ನಲವತ್ತು.
ಹೊರಗಿನ ತೊಡೆ ಕಾಣುತ್ತದಲ್ಲ ನಿನಗೆ, ಹುರಿಗಟ್ಟಿದ್ದು?
ಒಳಗಿನದಕ್ಕೇನು ಕೂಲಿ ಇಲ್ಲವೇ?
ಇದು ಮಾರ್ಚ್ ತಿಂಗಳ ಗುಂಡಿಗೆ, ಡಾಕ್ಟರೇ."

ಮಾತು ಚೆಂದವಿತ್ತು. ಚೆಂದದ ಮಾತಿಗೆ ಸಹಿ ಹಾಕಲಾಗದು.
ಕೋಟಿನೊಳಗೆ ಬೆಚ್ಚಗಿಟ್ಟಿದ್ದ ಸ್ಕ್ಯಾನರ್ ತೆಗೆದೆ.
ಅಂಗೈಯಗಲದ ಪರದೆಯಲ್ಲಿ ಬೂದುಬಣ್ಣದ ಮನೆ:
ಕೋಣೆ ಅಗಲ, ಗೋಡೆ ದಪ್ಪ,
ಕದಗಳು ಪ್ರತಿ ಸಲವೂ
ಸದ್ದಿಲ್ಲದೆ, ಸಂದಿಲ್ಲದೆ ಮುಚ್ಚುತ್ತಿದ್ದವು.
ಹಾಗಾದರೆ ಆ ಸುಯ್?
ಹೊಳೆ ದೊಡ್ಡದಾಗಿದೆ, ಸೇತುವೆಯ ಕಣ್ಣು ಅಷ್ಟೇ ಇದೆ.

"ಓಡಿಸಿ ತಾ" ಎಂದೆ.

ಹತ್ತು ಕಿಲೋಮೀಟರು ಹೋಗಿ ಬಂತು ಸ್ಕಾರೆ,
ಮೀಸೆಯಲ್ಲಿ ಮಂಜುಗಡ್ಡೆ, ಬೆನ್ನಿಂದ ಹಬೆ.
ಮೊದಲಿಗೆ ಎಣಿಸಲಾಗಲಿಲ್ಲ, ತಮಟೆಯ ಕೊನೆಯ ಉರುಳಿಕೆಯಂತಿತ್ತು.
ಎರಡು ನಿಮಿಷಕ್ಕೆ ತೊಂಬತ್ತು.
ಐದಕ್ಕೆ ಐವತ್ತೆಂಟು.
ರೋಗದ ಎದೆ ಕೈಕಂಬಿ ಹಿಡಿದು
ಒಂದೊಂದೇ ಮೆಟ್ಟಿಲು ಇಳಿಯುತ್ತದೆ.
ಇದು ಜಗಲಿಯಿಂದ ಹಾರಿದ ಹುಡುಗ.

ಆದರೂ ತಡೆದೆ.
ಹೋದ ವರ್ಷ ಲುಮಿ ಎಂಬ ಹೆಣ್ಣುನಾಯಿ
ಹಗ್ಗದಲ್ಲಿರುವಾಗಲೇ ಬಿತ್ತಂತೆ,
ಏರಿನಲ್ಲಲ್ಲ, ಸಪಾಟಾದ ಮಂಜಿನ ಮೇಲೆ.
ಅದಕ್ಕೂ ಇಂಥದೇ ಸುಯ್ ಇತ್ತಂತೆ.
ಇದನ್ನೂ ಹೇಳಿದವನು ಅಸ್ಲಾಕನೇ,
ನನ್ನ ಮುಖ ನೋಡದೆ, ಕಾಲ್ಚೀಲದ ಗಂಟು ಬಿಗಿಯುತ್ತ.

ದುಡಿಮೆಗೂ ರೋಗಕ್ಕೂ ನಮ್ಮಲ್ಲಿ ಒಂದೇ ಪದ.
ಮತ್ತೊಮ್ಮೆ ಆಲಿಸಿದೆ. ಮತ್ತೊಮ್ಮೆ.
ಅಷ್ಟರಲ್ಲಿ ಯಾರೋ ಹೊರಡುವ ಪಟ್ಟಿಗಳನ್ನು ತಂದರು,
ಕೊಕ್ಕೆಗಳ ಟಿಣ್ ಟಿಣ್ ಕೇಳಿದ್ದೇ ತಡ
ಹನ್ನೆರಡು ಉಂಡೆಗಳು ಬಿಚ್ಚಿಕೊಂಡು ಊಳಿಟ್ಟವು,
ಸ್ಕಾರೆ ನನ್ನನ್ನು ಬೀಳಿಸಿ ಎದ್ದಿತು.

ಚೀಟಿಯಲ್ಲಿ ಎರಡನೆಯ ಮಾತು ಹೊಡೆದುಹಾಕಿದೆ.
ಮೊದಲನೆಯದು ಹಾಗೇ ಇರಲಿ:
ಹೃದಯ ಹಿಗ್ಗಿದೆ.

ಅಸ್ಲಾಕ್ ಚೀಟಿ ಮಡಚಿ ಟೋಪಿಯೊಳಗೆ ಸಿಕ್ಕಿಸಿದ.
ಹೋಗಲಿಲ್ಲ.
ನಲವತ್ತು ಚಳಿಗಾಲ ಹಿಂದಿನ ಹಲಗೆಯ ಮೇಲೆ ನಿಂತವನು,
ಓಡಿದ್ದೆಲ್ಲ ಅವು.
ಈಗೀಗ ಏರು ಬಂದರೆ ಇಳಿದು ತಳ್ಳುವುದಿಲ್ಲ,
ನಾಲಗೆಯಡಿ ಏನೋ ಇಟ್ಟುಕೊಳ್ಳುತ್ತಾನೆ.
ಕೈಗವಸು ಕಳಚಿ, ಕೋಟಿನ ಎರಡು ಗುಂಡಿ ಬಿಚ್ಚಿ,
"ಇದನ್ನೂ ಒಂದು ಸಲ ಕೇಳು" ಎಂದ.

ನಾನು ನಾಯಿಗಳ ವೈದ್ಯೆ, ಅನ್ನಬಹುದಿತ್ತು.
ಲೋಹವನ್ನು ಮತ್ತೆ ಕಂಕುಳಲ್ಲಿ ಇಟ್ಟುಕೊಂಡೆ,
ಬೆಚ್ಚಗಾಗಲಿ ಎಂದು.